ಬಿಳಿ ಸೊಸೆಯ ಸಲಾಂ

ರಿಸೋಲತ್ ಅತ್ತಿಗೆ ನೆಲದಿಂದ ಏಳುವ ರೀತಿ ಬದಲಾಗಿದೆ ಎಂದು ನನಗೆ ಮೊದಲು ಗೊತ್ತಾದದ್ದು ರಂಜಾನ್ ತಿಂಗಳು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ನಾವಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕುಳಿತು ಟೋಪಿಗಳಿಗೆ ಕಸೂತಿ ಹಾಕುತ್ತಿದ್ದೆವು. ಒಳಗಿನಿಂದ ಅಮ್ಮ ಚಹಾ ಕೇಳಿದಳು. ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎರಡೂ ಅಂಗೈಗಳನ್ನು ಹಾಸಿನ ಮೇಲೆ ಊರಿ, ಮೊದಲು ಸೊಂಟವನ್ನು ಎತ್ತಿದಳು. ಆಮೇಲೆ ತನ್ನದೇ ಮೊಣಕಾಲು, ತನ್ನದೇ ತೊಡೆ ಹಿಡಿದುಕೊಂಡು, ಮರ ಹತ್ತುವವರಂತೆ ತನ್ನ ಮೈಯನ್ನೇ ಹತ್ತಿ ನಿಂತಳು. ಹಣೆಯ ಮೇಲೆ ಬೆವರಿತ್ತು. ಹೊರಗೆ ಇನ್ನೂ ಚಳಿ ಬಿಟ್ಟಿರಲಿಲ್ಲ.

"ಏನಾಯ್ತು ಅತ್ತಿಗೆ?"

"ಕಾಲು ಜೋಮು ಹಿಡ್ದಿತ್ತು ಕಣೇ ಮೋಹಿ."

ಜೋಮು ಹಿಡಿದರೆ ಒಂದು ಗಳಿಗೆಯಲ್ಲಿ ಬಿಡುತ್ತದೆ. ಮರುದಿನವೂ ಅವಳು ಹಾಗೆಯೇ ಎದ್ದಳು. ಅದರ ಮರುದಿನವೂ. ನಡೆಯುವಾಗ ಬಾತುಕೋಳಿಯಂತೆ ಆ ಕಡೆ ಈ ಕಡೆ ವಾಲುತ್ತಿದ್ದಳು. ಅಮ್ಮ ಕಣ್ಣೆತ್ತಿ ನೋಡಿದ ತಕ್ಷಣ ಹಲ್ಲು ಕಚ್ಚಿಕೊಂಡು ನೆಟ್ಟಗಾಗುತ್ತಿದ್ದಳು.

ಅವಳು ಹುಟ್ಟಿದ್ದು ನಮ್ಮ ಮರ್ಗಿಲಾನ್ ಪಟ್ಟಣದಿಂದ ಆಚೆ, ಮರಳು ನೆಲದ ಹಳ್ಳಿಯಲ್ಲಿ. ಅವರದು ಕರಬೂಜದ ಹೊಲ. ಚಿಕ್ಕವಳಿದ್ದಾಗ ಬೇಸಿಗೆಯೆಲ್ಲ ಹೊಲದಲ್ಲೇ ಕಳೆಯುತ್ತಿದ್ದಳಂತೆ. ಬರಿಗಾಲು, ಮೊಣಕೈವರೆಗೆ ಮಡಿಸಿದ ತೋಳು, ಬೆಳಿಗ್ಗೆ ಮೇಕೆ ಹಾಲು, ಮಧ್ಯಾಹ್ನ ರೊಟ್ಟಿಯ ಜೊತೆ ಗಟ್ಟಿ ಮೊಸರು. ಒಂದೊಂದು ಕಂಕುಳಲ್ಲಿ ಒಂದೊಂದು ಹಣ್ಣು ಇಟ್ಟುಕೊಂಡು ಗಾಡಿಯವರೆಗೆ ಓಡುತ್ತಿದ್ದೆ ಎಂದು ನನಗೆ ಹೇಳಿದ್ದಳು. ಅವಳ ಅಣ್ಣಂದಿರು ಅವಳನ್ನು "ಸುಟ್ಟ ರೊಟ್ಟಿ" ಎಂದು ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಅವಳಿಗೆ ನಗು ಬರುತ್ತಿತ್ತು.

ನನ್ನ ಅಣ್ಣ ಹೋಶಿಮ್‌ಗೆ ಹೆಣ್ಣು ನೋಡಲು ಹೋದ ಅಮ್ಮನಿಗೆ ಅವಳ ಕೈಕೆಲಸ, ನಡೆನುಡಿ ಎಲ್ಲವೂ ಹಿಡಿಸಿತ್ತು. ಬಣ್ಣ ಮಾತ್ರ ಹಿಡಿಸಲಿಲ್ಲ. "ನೆರಳಲ್ಲಿಟ್ರೆ ಬಿಡುತ್ತೆ" ಎಂದು ತಾನೇ ಸಮಾಧಾನ ಮಾಡಿಕೊಂಡಳು. ನಿಶ್ಚಯದ ಬುಟ್ಟಿಯಲ್ಲಿ ಸಿಹಿ, ಬಟ್ಟೆಗಳ ಜೊತೆಗೆ ಜಾಲರಿ ಅಂಚಿನ ಒಂದು ಛತ್ರಿಯನ್ನೂ ಇಟ್ಟು, ಮದುವೆಯವರೆಗೆ ಹುಡುಗಿಯನ್ನು ಹೊಲಕ್ಕೆ ಕಳಿಸಬೇಡಿ ಎಂದು ಹೇಳಿ ಬಂದಳು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ಸೊಸೆಯ ಮುಸುಕು ತೆಗೆದಾಗ ಮುಖ ಹಾಲಿನಂತಿರಬೇಕು.

ಮದುವೆ ಎರಡು ವರ್ಷ ತಡವಾಯಿತು. ಅಷ್ಟೂ ಕಾಲ ಅತ್ತಿಗೆ ಪರದೆ ಎಳೆದ ಕೋಣೆಯಲ್ಲಿ ಕುಳಿತು ತನ್ನ ಮದುವೆಯ ದಿಂಬು, ಹಾಸುಗಳಿಗೆ ಕಸೂತಿ ಹಾಕಿದಳು. ಹಿತ್ತಲಿಗೆ ಹೋಗಬೇಕಾದರೂ ಛತ್ರಿ. ಹಾಲು ಕುಡಿದರೆ ದಪ್ಪಗಾಗುತ್ತೀಯ, ಮದುವೆಯ ಅಂಗಿ ಹಿಡಿಸುವುದಿಲ್ಲ ಎಂದು ಯಾರೋ ಚಿಕ್ಕಮ್ಮ ಹೇಳಿದ್ದರಿಂದ ಹಾಲು ಬಿಟ್ಟಳು. ಮೊಟ್ಟೆಗಳನ್ನು ಅಣ್ಣಂದಿರ ತಟ್ಟೆಗೆ ಹಾಕಿದಳು. ರೊಟ್ಟಿ, ಹಸಿರು ಚಹಾ, ಮತ್ತೆ ರೊಟ್ಟಿ. ಮದುವೆಯ ದಿನ ಅವಳ ಮುಸುಕು ತೆಗೆದಾಗ ನಮ್ಮ ಬೀದಿಯ ಹೆಂಗಸರು ಉಸಿರು ಎಳೆದುಕೊಂಡ ಸದ್ದು ನನಗೆ ಕೇಳಿಸಿತ್ತು. ಅಂದಿನಿಂದ ನಮ್ಮದು "ಬಿಳಿ ಸೊಸೆ ಮನೆ" ಆಯಿತು. ಅಮ್ಮನ ಬೆನ್ನು ಒಂದು ಗೇಣು ಉದ್ದವಾಯಿತು.

ನಮ್ಮ ಮನೆಗೆ ಬಂದ ಮೇಲೂ ಅವಳ ಬದುಕು ಬೇರೆಯಾಗಲಿಲ್ಲ. ಬೆಳಕು ಹರಿಯುವ ಮೊದಲು ಅಂಗಳ ಗುಡಿಸಿ ನೀರು ಚಿಮುಕಿಸುತ್ತಿದ್ದಳು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುತ್ತಿದ್ದಳು. ಉಳಿಯುತ್ತಿದ್ದದ್ದು ಸಾಮಾನ್ಯವಾಗಿ ರೊಟ್ಟಿ. ಬೀದಿಗೆ ಒಬ್ಬಳೇ ಹೋಗುವಂತಿರಲಿಲ್ಲ. ಆದರೆ ನಮ್ಮ ಅಂಗಳ ದೊಡ್ಡದು, ಬೆಳ್ಳಗೆ ಬೆಳಕಿರುವಂಥದ್ದು. ಮದುವೆಗೆ ಮುಂಚೆ ಹೋಶಿಮ್ ಅಣ್ಣ ಅದಕ್ಕೆ ಪೂರ್ತಿ ಪ್ಲಾಸ್ಟಿಕ್ ಹಾಳೆಯ ಚಾವಣಿ ಹಾಕಿಸಿದ್ದ. ಹಿಮ ಬೀಳುವುದಿಲ್ಲ, ಧೂಳಿಲ್ಲ, ದಿನವಿಡೀ ಬೆಳಕು. ಅಂಥ ಜಾಗದಲ್ಲಿ ಕುಳಿತವರಿಗೆ ಏನು ಕೊರತೆ ಆಗಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ರಂಜಾನ್ ಶುರುವಾಗುವ ಹಿಂದಿನ ದಿನ ಪಕ್ಕದ ಮನೆಯ ತುರ್ಸುನೋಯ್ ಖೋಲಾ ಹಿಟ್ಟಿನ ಜರಡಿ ಕೇಳಲು ಬಂದರು. ಖೋಲಾ ಎಂದರೆ ಚಿಕ್ಕಮ್ಮ. ಬೀದಿಗೆಲ್ಲ ಅವರು ಚಿಕ್ಕಮ್ಮನೇ. ಜರಡಿ ಕೇಳಲು ಬಂದವರು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತೇಬಿಟ್ಟರು.

"ಕುಮ್ರೀ, ಕೇಳ್ದೇನೇ? ಆ ಕಮ್ಮಾರರ ಬೀದಿ ಸೊಸೇನ ವಾಪಸ್ ಕಳ್ಸಿದ್ರಂತೆ."

"ಯಾಕಂತೆ?" ಎಂದಳು ಅಮ್ಮ.

"ಕಾಲಲ್ಲಿ ಏನೋ ಐಬಂತೆ. ಮುಚ್ಚಿಟ್ಟು ಮದ್ವೆ ಮಾಡಿದ್ರು. ಕುಂಟ್ತಾ ಇದ್ದದ್ದು ಗೊತ್ತಾಗ್ತಾನೇ ಅದೇ ಗಾಡಿ, ಅದೇ ಮದ್ವೆ ಪೆಟ್ಟಿಗೆ. ಬಂದಂಗೇ ಹೋದ್ಲು." ಖೋಲಾ ಬಾಯಿ ಒರೆಸಿಕೊಂಡರು. "ನಿನ್ ಸೊಸೆ ಬಿಡು, ಚಿನ್ನ. ಈ ಸಲ ಹಯಿತ್ ಹಬ್ಬಕ್ಕೆ ನಮ್ ಬೀದಿಯೋರೆಲ್ಲ ಮೊದ್ಲು ನಿಮ್ಮನೇಗೇ ನುಗ್ತಾರೆ ನೋಡು!"

ಅತ್ತಿಗೆ ಚಹಾ ಬಟ್ಟಲು ಹಿಡಿದು ನಿಂತಿದ್ದಳು. ಅದನ್ನು ಖೋಲಾಗೆ ಕೊಡದೆ ಹಾಗೆಯೇ ಒಳಗೆ ತೆಗೆದುಕೊಂಡು ಹೋದಳು. ಅಮ್ಮ ಗಮನಿಸಲಿಲ್ಲ.

ರಂಜಾನ್ ಉಪವಾಸ ಮುಗಿದಾಗ ಬರುವ ಹಯಿತ್ ಹಬ್ಬದ ದಿನಗಳಲ್ಲಿ ಹೊಸ ಸೊಸೆಯಂದಿರು ಇರುವ ಮನೆಗಳ ಬಾಗಿಲು ತೆರೆದೇ ಇರುತ್ತದೆ. ಹೆಂಗಸರು, ಮಕ್ಕಳು ಗುಂಪು ಗುಂಪಾಗಿ ಸೊಸೆ ನೋಡಲು ಬರುತ್ತಾರೆ. ಸೊಸೆ ಮದುವೆಯ ಉಡುಪಿನಲ್ಲಿ ನಿಂತು, ಬಂದ ಪ್ರತಿಯೊಬ್ಬರಿಗೂ ಸೊಂಟ ಬಗ್ಗಿಸಿ ಸಲಾಂ ಮಾಡಬೇಕು, ಮಂಡಿಯೂರಿ ಚಹಾ ಬಗ್ಗಿಸಬೇಕು, ಎದ್ದು ನಿಲ್ಲಬೇಕು, ಮುಂದಿನ ಗುಂಪಿಗೆ ಮತ್ತೆ ಸಲಾಂ. ಬೀದಿಯ ಕಣ್ಣೆಲ್ಲ ಅವಳ ಬೆನ್ನ ಮೇಲೆ, ಮೊಣಕಾಲ ಮೇಲೆ ಇರುತ್ತದೆ.

ಆ ಮಧ್ಯಾಹ್ನ ಅತ್ತಿಗೆ ನನ್ನ ತೋಳು ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು.

"ಮೋಹಿ, ನನ್ ತೊಡೆ ಒಳಗೆ ಮೂಳೆ ನೋಯುತ್ತೆ. ಮುಟ್ಟಿದ್ರೆ ನೋಯುತ್ತೆ. ಎದ್ದೇಳೋಕ್ಕೆ ಕಾಲಲ್ಲಿ ಶಕ್ತೀನೇ ಇಲ್ಲ. ಬೆರಳೆಲ್ಲ ಇರುವೆ ಹರ್ದಂಗಾಗುತ್ತೆ."

"ಅಮ್ಮಂಗೆ ಹೇಳೋಣ. ಆಸ್ಪತ್ರೆಗೆ ಹೋಗೋಣ."

"ಬೇಡ!" ಅವಳ ಉಗುರು ನನ್ನ ತೋಳಿಗೆ ಚುಚ್ಚಿತು. "ನಮ್ಮಮ್ಮಂಗೆ ಹೇಳ್ದೆ. ಅವ್ಳು ನನ್ ಬಾಯಿ ಮೇಲೆ ಕೈ ಇಟ್ಟು, ಒಂದು ಮಗು ಆಗೋವರ್ಗೂ ಉಸಿರು ಬಿಡ್ಬೇಡ ಅಂದ್ಲು. ಐಬಿತ್ತು, ಮುಚ್ಚಿಟ್ಟು ಕೊಟ್ರು ಅಂತಾರೆ. ನನ್ ಪೆಟ್ಟಿಗೆ ಗಾಡಿಗೆ ಹಾಕ್ತಾರೆ ಮೋಹಿ. ನಮ್ಮಪ್ಪ ಬೀದೀಲಿ ತಲೆ ಎತ್ತಲ್ಲ. ಆಣೆ ಮಾಡು."

ನಾನು ಆಣೆ ಮಾಡಿದೆ. ಅವಳ ಭಯ ನನಗೂ ಹತ್ತಿಕೊಂಡಿತ್ತು. ನಮ್ಮ ಅಮ್ಮ ಕೆಟ್ಟವಳಲ್ಲ, ಆದರೆ ಬೀದಿಯ ಮಾತೆಂದರೆ ಅವಳಿಗೆ ಸಾವಿನಷ್ಟು ಹೆದರಿಕೆ. ಹೆದರಿದವರು ಏನು ಮಾಡುತ್ತಾರೆಂದು ಹೇಳಲು ಬರುವುದಿಲ್ಲ.

ಅಂದಿನಿಂದ ಅಮ್ಮ ಸಂತೆಗೆ ಹೋದಾಗಲೆಲ್ಲ ನಾವಿಬ್ಬರೂ ಹಬ್ಬದ ಸಲಾಂ ಅಭ್ಯಾಸ ಮಾಡಿದೆವು. ನಾನು ಅತಿಥಿಯಾಗಿ ಬಾಗಿಲಲ್ಲಿ ಬರುತ್ತಿದ್ದೆ. ಒಂದು ದಿನ ಹೊಟ್ಟೆಗೆ ದಿಂಬು ಕಟ್ಟಿಕೊಂಡು ತುರ್ಸುನೋಯ್ ಖೋಲಾ ಆದೆ.

"ಅಯ್ಯಯ್ಯೋ, ಎಂಥಾ ಬಿಳುಪೇ ತಾಯಿ! ಸುಣ್ಣ ಬಳಿದ ಗೋಡೆ ಪಕ್ಕ ನಿಂತ್ರೆ ಇವ್ಳು ಎಲ್ಲಿ ಅಂತ ಹುಡುಕ್ಬೇಕು! ಎಲ್ಲಿ, ಒಂದು ಬಟ್ಟಲು ಚಹಾ ಕೊಡು. ಸಕ್ಕರೆ ಬೇಡ. ಹಲ್ವಾ ಇದ್ರೆ ಇರ್ಲಿ. ಎರಡಿದ್ರೆ ಎರಡೂ ಇರ್ಲಿ!"

ಅತ್ತಿಗೆ ಮಂಡಿಯೂರಿದ್ದವಳು ನಕ್ಕಳು. ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡು ನಕ್ಕಳು. ಆಮೇಲೆ ಏಳಲು ನೋಡಿದಳು. ಏಳಲಾಗಲಿಲ್ಲ. ಮತ್ತೊಮ್ಮೆ ನೋಡಿದಳು. ಬಟ್ಟೆಯ ಹಿಂದಿನ ಸದ್ದು ನಗುವೋ ಅಳುವೋ ಎಂದು ನನಗೆ ಕೂಡಲೇ ತಿಳಿಯಲಿಲ್ಲ. ನಾನು ದಿಂಬು ಕಟ್ಟಿಕೊಂಡೇ ಅವಳ ಕಂಕುಳಿಗೆ ಕೈಹಾಕಿ ಎಬ್ಬಿಸಿದೆ.

ಕೊನೆಗೆ ಒಂದು ಉಪಾಯ ಮಾಡಿಕೊಂಡೆವು. ಅವಳು ನಿಲ್ಲುವ ಕಡೆ ಪಕ್ಕದಲ್ಲೇ ಮದುವೆಯ ಪೆಟ್ಟಿಗೆ ಇಡುವುದು. ಸಲಾಂ ಮಾಡಿ ಏಳುವಾಗ, ಮುಸುಕಿನ ಅಂಚಿನ ಕೆಳಗೆ, ಅವಳು ಒಂದು ಕೈಯನ್ನು ಪೆಟ್ಟಿಗೆಗೆ ಒತ್ತಿ ಹಿಡಿಯುವುದು. ಚಹಾ ಬಗ್ಗಿಸುವ ಕೆಲಸ ನನ್ನದು.

ಹಬ್ಬ ಬಂತು. ಬೆಳಿಗ್ಗೆಯೇ ಮಕ್ಕಳ ದಂಡು ಬಂತು, ಸಿಹಿ ಬಾಚಿಕೊಂಡು ಓಡಿತು. ಹೆಂಗಸರು ಬಂದರು. ಅತ್ತಿಗೆ ಬಗ್ಗಿದಳು, ಎದ್ದಳು. ಪೆಟ್ಟಿಗೆಯ ಮೇಲಿನ ಅವಳ ಬೆರಳುಗಳು ಬೆಳ್ಳಗಾಗಿ ಬಿಗಿಯುವುದು ನನಗೊಬ್ಬಳಿಗೇ ಕಾಣುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ಎಲ್ಲರ ಹೊಗಳಿಕೆಯನ್ನೂ ಬಾಚಿಕೊಳ್ಳುತ್ತಿದ್ದಳು. ಇಂದು ಹೇಗೋ ದಾಟಿಬಿಡುತ್ತೇವೆ ಎಂದು ನಾನು ನಂಬಲು ಶುರುಮಾಡಿದ್ದೆ.

ಆಗ ತುರ್ಸುನೋಯ್ ಖೋಲಾ ಬಂದು ಗಿಡ್ಡ ಮೇಜಿನ ಮುಂದೆ ಕುಳಿತರು. ನಾನು ಚಹಾ ಬಟ್ಟಲನ್ನು ಅವರ ಮುಂದಿಟ್ಟೆ. ಅವರು ಅದನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದರು.

"ನಿನ್ ಕೈ ಚಹಾ ವರ್ಷಗಟ್ಟಲೆ ಕುಡ್ದಿದೀನಿ ಕಣೇ. ಹಬ್ಬದ ದಿನ ಸೊಸೆ ಕೈಯಿಂದ ಕೊಡ್ಸೇ!"

ಅಮ್ಮ ಕಣ್ಣಲ್ಲೇ ಅತ್ತಿಗೆಗೆ ಹೇಳಿದಳು. ಅತ್ತಿಗೆ ಬಂದು ಮಂಡಿಯೂರಿದಳು, ಚಹಾ ಬಗ್ಗಿಸಿದಳು, ಎರಡೂ ಕೈಯಲ್ಲಿ ಕೊಟ್ಟಳು. ಖೋಲಾ ಹರಸಿದರು. ಇನ್ನು ಏಳಬೇಕು.

ಏಳಲಿಲ್ಲ. ಪೆಟ್ಟಿಗೆ ದೂರದಲ್ಲಿತ್ತು.

ಕೋಣೆಯಲ್ಲಿದ್ದ ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಅತ್ತಿಗೆಯ ಉಸಿರು ಏರತೊಡಗಿತು, ಮುಸುಕು ಬಾಯಿಗೆ ಅಂಟಿ ಬಿಡುವಷ್ಟು. ಆಗ ಅವಳ ಕೈಗಳು ತಿರುಚಿಕೊಂಡವು. ಹೆಬ್ಬೆರಳು ಅಂಗೈಯೊಳಗೆ ಹೋಯಿತು, ಉಳಿದ ಬೆರಳುಗಳು ಉಪ್ಪು ಚಿಟಿಕೆ ಹಿಡಿದವರಂತೆ ಒಂದಕ್ಕೊಂದು ಅಂಟಿಕೊಂಡು ಸೆಟೆದು ನಿಂತವು. ನಾನು ಬಿಡಿಸಲು ಹೋದೆ. ಮರದ ಕೊಂಬೆಯಂತಿತ್ತು.

"ಜಿನ್ನು! ಜಿನ್ನು ಹಿಡ್ದಿದೆ!" ಎಂದು ಯಾರೋ ಕೂಗಿದರು. "ಧೂಪ ಹಾಕ್ರೀ!" "ಕಣ್ಣು ಬಿದ್ದಿದೆ, ಇಷ್ಟು ಬೆಳ್ಳಗಿದ್ರೆ ಬೀಳ್ದೇ ಇರುತ್ತಾ!" ಮಕ್ಕಳು ಅಳತೊಡಗಿದವು. ತುರ್ಸುನೋಯ್ ಖೋಲಾ ಬಟ್ಟಲು ಕೆಳಗಿಟ್ಟು ಹಿಂದಕ್ಕೆ ಜರುಗಿದರು. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಪೂರ್ತಿ ಎಚ್ಚರದಲ್ಲಿದ್ದಳು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಹೋಶಿಮ್ ಅಣ್ಣ ಓಡಿಬಂದು ಅವಳನ್ನು ಎತ್ತಿ ಗಾಡಿಯಲ್ಲಿ ಹಾಕಿಕೊಂಡ.

ಆಸ್ಪತ್ರೆಯಲ್ಲಿ ಹಬ್ಬದ ದಿನವಾದ್ದರಿಂದ ಒಬ್ಬರೇ ಡಾಕ್ಟರಮ್ಮ ಇದ್ದರು. ಅವರು ಆ ಕೈಗಳನ್ನು ನೋಡಿದ ಕೂಡಲೇ ನರಕ್ಕೆ ನಿಧಾನವಾಗಿ ಔಷಧಿ ಬಿಡತೊಡಗಿದರು. ಕ್ಯಾಲ್ಸಿಯಂ ಎಂದರು. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ನಾನು ಗೋಡೆಗೆ ಒರಗಿ ನಿಂತೆ.

ಅಮ್ಮ ಅಷ್ಟರಲ್ಲಿ ಹೊರಗಿನಿಂದಲೇ ಬೀಗಿತ್ತಿಗೆ ಫೋನ್ ಮಾಡಿದ್ದಳು. ಅತ್ತಿಗೆಯ ತಾಯಿ ಹಬ್ಬದ ಅಂಗಿಯಲ್ಲೇ, ತಲೆಗೆ ವಸ್ತ್ರ ಸರಿಯಾಗಿ ಕಟ್ಟದೆ ಬಂದಿಳಿದರು. ಇಬ್ಬರೂ ಮೊಗಸಾಲೆಯಲ್ಲಿ ಎದುರಾದರು.

"ಮುಚ್ಚಿಟ್ಟು ಕೊಟ್ರಲ್ಲ ಬೀಗಿತ್ತಿ! ಬೀದಿ ಮುಂದೆ ನನ್ ಮುಖಕ್ಕೆ ಮಸಿ ಬಳಿದ್ರಿ. ಕರ್ಕೊಂಡು ಹೋಗಿ. ಪೆಟ್ಟಿಗೆ ಆಮೇಲೆ ಕಳಿಸ್ತೀನಿ."

"ನನ್ ಮಗಳು ನೆಟ್ಟಗಿದ್ಲು ಕುಮ್ರಿ ಆಪಾ! ಕರಬೂಜದ ಮೂಟೆ ಹೊತ್ತೋಳು! ನಿಮ್ಮನೇಲಿ ಏನ್ ಮಾಡಿದ್ರೋ!"

ಡಾಕ್ಟರಮ್ಮ ಬಾಗಿಲು ತೆರೆದು, "ಸಾಕು, ಒಳಗೆ ರೋಗಿಗಳಿದಾರೆ" ಎಂದು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಹುಡುಗಿ ಏನು ತಿನ್ನುತ್ತಾಳೆ ಎಂದು ಕೇಳಿದರು. ಅಮ್ಮ ಹೇಳಿದಳು. ಹಾಲು? ಇಲ್ಲ. ಮೊಟ್ಟೆ? ಯಾವಾಗಲಾದರೊಮ್ಮೆ. ಮೀನು? ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಬಿಸಿಲಿಗೆ ಹೋಗ್ತಾಳಾ?"

"ದಿನವಿಡೀ ಅಂಗಳದಲ್ಲೇ ಇರ್ತಾಳೆ. ನಮ್ಮ ಅಂಗಳದಷ್ಟು ಬೆಳಕು ಬೀದೀಲಿ ಯಾರ ಮನೇಲೂ ಇಲ್ಲ" ಎಂದಳು ಅಮ್ಮ.

"ನಾನೇ ಚಾವಣಿ ಹಾಕ್ಸಿರೋದು" ಎಂದ ಅಣ್ಣ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು. "ಒಳ್ಳೇ ಪ್ಲಾಸ್ಟಿಕ್ ಹಾಳೆ. ಒಂದು ಹನಿ ಒಳಗೆ ಬೀಳಲ್ಲ."

ಡಾಕ್ಟರಮ್ಮ ಅವನನ್ನೇ ನೋಡಿದರು. "ಹನಿ ಬೀಳಲ್ಲ. ಬಿಸಿಲೂ ಬೀಳಲ್ಲಪ್ಪ. ಗಾಜು, ಪ್ಲಾಸ್ಟಿಕ್ ಬೆಳಕನ್ನ ಬಿಡುತ್ತೆ. ಬಿಸಿಲಲ್ಲಿ ಚರ್ಮಕ್ಕೆ ಬೇಕಾದ ಭಾಗಾನ ತಡೆಯುತ್ತೆ. ಅದು ಚರ್ಮಕ್ಕೆ ಬಿದ್ರೇನೇ ವಿಟಮಿನ್ ಡಿ ಹುಟ್ಟೋದು. ಅದಿಲ್ದೇ ಇದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಇವ್ಳು ತಿಂತಿದ್ದದ್ದೂ ಅಷ್ಟಕ್ಕಷ್ಟೇ. ಮೂಳೆ ಮೆತ್ತಗಾಗುತ್ತೆ, ತೊಡೆ ಶಕ್ತಿ ಹೋಗುತ್ತೆ. ಹೆದರಿ ಜೋರಾಗಿ ಉಸಿರಾಡಿದಾಗ ಕೈ ಹೀಗೆ ಸೆಟೆದುಕೊಳ್ಳುತ್ತೆ." ಆಮೇಲೆ ಕೇಳಿದರು, "ಇದು ಒಂದು ಚಳಿಗಾಲದಲ್ಲಿ ಆಗೋದಲ್ಲ. ಮದ್ವೆಗೆ ಮುಂಚೆ ಎಲ್ಲಿದ್ಲು?"

ಅತ್ತಿಗೆಯ ತಾಯಿ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ನೀವೇ ಛತ್ರಿ ಕಳ್ಸಿದ್ರಲ್ಲ ಆಪಾ" ಎಂದರು ಕೊನೆಗೆ, ಜಗಳದ ದನಿಯಲ್ಲಲ್ಲ. "ಬಿಳಿ ಹುಡುಗಿ ಬೇಕು ಅಂದ್ರಿ. ನಾನು ಎರಡು ವರ್ಷ ಕೋಣೇಲಿಟ್ಟೆ. ಬಾಗ್ಲ ಹತ್ರ ಬಂದ್ರೂ ಬಯ್ದೆ."

ಅಮ್ಮ ನೆಲ ನೋಡಿದಳು. ಆದರೂ, "ಎಲ್ಲಾ ಹುಡುಗೀರೂ ಹಾಗೇ ಇರ್ತಾರೆ. ಎಲ್ಲರಿಗೂ ಆಗುತ್ತಾ? ಇವ್ಳಲ್ಲೇ ಏನೋ ಇದೆ" ಎಂದು ಗೊಣಗಿ ಏಳಲು ಹೋದಳು. ಬೆಂಚಿನ ಕೈ ಹಿಡಿದು, ಉಸ್ಸೆಂದು, ಮಂಡಿಗೆ ಕೈ ಕೊಟ್ಟು ಎದ್ದಳು.

"ನಿಮಗೂ ಮಂಡಿ ನೋವಾ?" ಎಂದರು ಡಾಕ್ಟರಮ್ಮ.

"ವಯಸ್ಸಾಯ್ತಲ್ಲ."

"ಇರಬಹುದು. ರಕ್ತ ಕೊಟ್ಟು ಹೋಗಿ, ನೋಡೋಣ. ಈ ಹುಡುಗೀದೂ ಕೊಡಿ" ಎಂದು ನನ್ನನ್ನು ತೋರಿಸಿದರು. "ಅದೇ ಅಂಗಳ ತಾನೇ?"

ಮೂವರದೂ ರಕ್ತ ತೆಗೆದರು. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಅತ್ತಿಗೆಯನ್ನು ಅವಳ ತಾಯಿಯ ಜೊತೆ ಕಳಿಸಿದರು. ನಮ್ಮ ಮನೆಗೆ ಬಾ ಎಂದು ಅಮ್ಮ ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಅತ್ತಿಗೆ ಗಾಡಿಯ ಕಿಟಕಿಯಿಂದ ನನ್ನನ್ನು ನೋಡುತ್ತಲೇ ಹೋದಳು.

ಆ ದಿನಗಳು ನಮ್ಮ ಮನೆಯಲ್ಲಿ ಕೆಟ್ಟದಾಗಿದ್ದವು. ಅತ್ತಿಗೆಯ ಕೋಣೆಗೆ ಅಮ್ಮ ಬೀಗ ಹಾಕಿದ್ದಳು. ಅಣ್ಣ ಊಟಕ್ಕೆ ಕುಳಿತರೆ ಎರಡು ತುತ್ತಿಗೆ ಎದ್ದುಹೋಗುತ್ತಿದ್ದ. ತುರ್ಸುನೋಯ್ ಖೋಲಾ ಬಾಗಿಲಲ್ಲಿ ನಿಂತು, "ಪೆಟ್ಟಿಗೆ ಯಾವತ್ತು ಹೊರಡುತ್ತೆ ಕುಮ್ರಿ? ಎತ್ತೋಕ್ಕೆ ನನ್ ಮಗನ್ನ ಕಳಿಸ್ಲಾ?" ಎಂದು ಸಹಾಯ ಮಾಡುವವರಂತೆ ಕೇಳಿದರು. ನಾನು ಟೋಪಿ ಹೊಲಿಯುತ್ತಾ ಕಟ್ಟೆಯಿಂದ ಕೈಯೂರದೆ ಎದ್ದು ನೋಡುತ್ತಿದ್ದೆ. ಎದ್ದೆ. ಮತ್ತೆ ಕುಳಿತು, ಮತ್ತೆ ಎದ್ದೆ. ಪ್ರತಿ ಸಲವೂ, ಮುಂದಿನ ಸಲ ಆಗದಿದ್ದರೆ ಎಂದು ಹೆದರಿಕೆಯಾಗುತ್ತಿತ್ತು.

ಫಲಿತಾಂಶ ಬಂದಿದೆ ಎಂದು ಕರೆ ಬಂದ ದಿನ ಅಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಸುತ್ತುಬಳಸಿ ಹೇಳಲಿಲ್ಲ.

"ಸೊಸೇದು ತುಂಬಾ ಕಡಿಮೆ. ನಿಮ್ಮ ಮಗಳದ್ದೂ ಕಡಿಮೆ, ಆದ್ರೆ ಮೂಳೆಗೆ ಇನ್ನೂ ಏನೂ ಆದಂಗಿಲ್ಲ. ನಿಮ್ದು ಸೊಸೆಗಿಂತ ಒಂದು ಕೂದಲು ಮೇಲೆ ಅಷ್ಟೇ ತಾಯಿ. ಅದು ಬರೀ ವಯಸ್ಸಲ್ಲ."

ಅಮ್ಮ ತನ್ನ ಮಂಡಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರೆ ಅವ್ಳು ತಂದಿದ್ದಲ್ವಾ ಇದು?"

"ಯಾರೂ ತಂದಿದ್ದಲ್ಲ. ಮೂವರಿಗೂ ಹನಿ ಔಷಧಿ ಬರೆದಿದೀನಿ. ಹೇಳಿದಷ್ಟೇ ತಗೊಳ್ಳಿ, ಬೇಗ ವಾಸಿಯಾಗ್ಲಿ ಅಂತ ಜಾಸ್ತಿ ಸುರ್ಕೋಬೇಡಿ, ಅದೂ ಅಪಾಯ. ಹಾಲು, ಮೊಸರು, ಮೊಟ್ಟೆ ಸೊಸೆ ತಟ್ಟೆಗೂ ಬೀಳ್ಲಿ. ಅಂಗಿ ತೋಳು ಮಡಚಿ ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳ್ಳಿ, ಚರ್ಮ ಕೆಂಪಾಗೋವರ್ಗೂ ಅಲ್ಲ. ಅವ್ಳ ನೋವು ಬೇಗ ಕಡಿಮೆ ಆಗಬಹುದು. ಕಾಲಿಗೆ ಪೂರ್ತಿ ಶಕ್ತಿ ಬರೋಕ್ಕೆ ತಿಂಗಳುಗಳೇ ಬೇಕು."

ಮನೆಗೆ ಬಂದು ಅಮ್ಮ ಅಂಗಳದ ನಡುವೆ ನಿಂತು ತಲೆಯೆತ್ತಿ ನೋಡಿದಳು. ಮೇಲೆ ಪ್ಲಾಸ್ಟಿಕ್ ಹಾಳೆ ಬೆಳ್ಳಗೆ ಹೊಳೆಯುತ್ತಿತ್ತು.

"ಹೋಶಿಮ್, ಈ ಕಡೇದು ಬಿಚ್ಚು."

"ಹೊಸದಮ್ಮ! ಇನ್ನೂ ವರ್ಷ ಆಗಿಲ್ಲ!"

"ಬಿಚ್ಚು ಅಂದೆ. ಸೊಸೇನ ಈ ಕಾರಣಕ್ಕೆ ವಾಪಸ್ ಕಳಿಸ್ಬೇಕು ಅಂದ್ರೆ ನನ್ನೂ ಕಳಿಸ್ಬೇಕು. ನನ್ನ ಯಾರ ಮನೆಗೆ ಕಳಿಸ್ತೀಯ? ನಮ್ಮಪ್ಪ ಸತ್ತು ಎಷ್ಟು ಕಾಲ ಆಯ್ತು!" ಬಾಗಿಲ ಹೊರಗೆ ಯಾರದೋ ಚಪ್ಪಲಿ ಸದ್ದಾಯಿತು. ಅಮ್ಮ ಆ ಕಡೆ ತಿರುಗಿ, ಬೀದಿಗೆ ಕೇಳುವಂತೆ, "ತುರ್ಸುನೋಯ್, ನೀನೂ ಹೋಗಿ ರಕ್ತ ಕೊಟ್ಟು ಬಾರೇ! ಆಮೇಲೆ ಪೆಟ್ಟಿಗೆ ಎತ್ತೋಕ್ಕೆ ಮಗನ್ನ ಕಳ್ಸೀಯಂತೆ!" ಎಂದಳು. ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದವಳಂತೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಅಣ್ಣ ದಕ್ಷಿಣದ ಕಡೆಯ ಹಾಳೆಗಳನ್ನು ಬಿಚ್ಚಿದ. ಮರುದಿನ ನಾವು ಮೂವರೂ ಮರಳು ಹಳ್ಳಿಗೆ ಹೋದೆವು.

ಅತ್ತಿಗೆ ಮನೆಯ ಗೋಡೆಗೆ ಒರಗಿ, ಅಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಿಸಿಕೊಂಡು ಬಿಸಿಲಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಹಾಲಿನ ಬಟ್ಟಲು. ನಮ್ಮ ಗಾಡಿ ಕಂಡದ್ದೇ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ತೋಳುಗಳನ್ನು ಸರಸರನೆ ಕೆಳಗೆಳೆದುಕೊಂಡಳು, ತಲೆವಸ್ತ್ರ ಹುಡುಕಿದಳು, ಕದ್ದು ಸಿಕ್ಕಿಬಿದ್ದವಳಂತೆ. ಸಲಾಂ ಮಾಡಲು ಗೋಡೆ ಹಿಡಿದು ಏಳತೊಡಗಿದಳು.

"ಕೂತ್ಕೋ, ಕೂತ್ಕೋ" ಎಂದಳು ಅಮ್ಮ.

ಅತ್ತಿಗೆ ಕೂರಲಿಲ್ಲ. ಅರ್ಧ ಎದ್ದವಳು ಹಾಗೆಯೇ ನಡುಗುತ್ತಾ ನಿಂತಳು. ಅಮ್ಮನ ಬೆನ್ನ ಹಿಂದೆ, ಗಾಡಿಯ ಕಡೆಗೇ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ಅವಳ ಕಂಕುಳಿಗೆ ಕೈ ಕೊಟ್ಟೆ.

"ಮೋಹಿ," ಎಂದಳು, ಉಸಿರಿನಲ್ಲೇ, "ಪೆಟ್ಟಿಗೆ ತಂದಿದೀರಾ?"

"ಇಲ್ಲ ಅತ್ತಿಗೆ. ಗಾಡಿ ಖಾಲಿ ಇದೆ. ನಿಮ್ಮನ್ನ ಕೂರಿಸ್ಕೊಂಡು ಹೋಗೋಕ್ಕೆ."

ಅವಳು ನಂಬಲಿಲ್ಲ. ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಗೆ ಕೈಯೂರಿ, ಉಸ್ಸೆನ್ನುತ್ತಾ ಅಲ್ಲೇ ನೆಲದ ಮೇಲೆ ಕುಳಿತು, ತನ್ನ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸತೊಡಗಿದಳು. ಆಗ ಅತ್ತಿಗೆಯ ಭಾರ ಪೂರ್ತಿ ನನ್ನ ಕೈಗೆ ಬಂತು. ಅವಳನ್ನು ಮೆಲ್ಲಗೆ ಅಮ್ಮನ ಪಕ್ಕ ಕೂರಿಸಿದೆ.